ಎಲ್ಲಿಗೆ ಹೊಡೆದರೆ ನೋವಾಗುವುದಿಲ್ಲ?

ದಕ್ಷಿಣ ಬೆಂಗಳೂರಿನಲ್ಲಿ ಈಗ ಬೆಳಗಾಗುವುದು ಪಾರಿವಾಳದ ಗುಟುರಿನಿಂದ. ಜಯನಗರದ ಯಾವ ಬ್ಲಾಕಾದರೂ ಇರಲಿ, ಜೆ.ಪಿ. ನಗರದ ಯಾವ ಫೇಸಾದರೂ ಇರಲಿ, ಇನ್ನೂ ಮಬ್ಬುಗತ್ತಲಿರುವಾಗಲೇ ಡಕ್ಟಿನೊಳಗಿಂದ ಆ ಗಂಟಲು ತುಂಬಿದ ದನಿ ಏಳುತ್ತದೆ. ಡಕ್ಟು ಎಂದರೆ ಗೊತ್ತಲ್ಲ, ಅಪಾರ್ಟ್‌ಮೆಂಟಿನ ಬಚ್ಚಲುಮನೆಗಳ ಹಿಂದೆ ಪೈಪುಗಳು ಇಳಿಯುವ ಇಕ್ಕಟ್ಟಿನ ಕತ್ತಲೆ ಜಾಗ. ನಾಲ್ಕು ಗೋಡೆಗೂ ಬಡಿದು ಬರುವುದರಿಂದ ಅಲ್ಲಿ ಒಂದು ಹಕ್ಕಿ ಗುಟುರು ಹಾಕಿದರೆ ಹತ್ತು ಹಕ್ಕಿ ಕೂತಂತೆ ಕೇಳಿಸುತ್ತದೆ. ಅದರ ಬೆನ್ನಿಗೇ ರೆಕ್ಕೆಯ ಪಟಪಟ, ಕಿಟಕಿಯ ಸಜ್ಜೆಯ ಮೇಲೆ ಉಗುರಿನ ಕರಕರ. ಬಟ್ಟೆ ಒಣಹಾಕಲು ಹೋದವರು ಗೊಣಗಿಕೊಂಡು ಬರುತ್ತಾರೆ. ತೊಳೆದ ಸೀರೆಯನ್ನು ಇನ್ನೊಮ್ಮೆ ತೊಳೆಯಬೇಕು.

ಪಾರಿವಾಳದ ಮೂಲ ಮನೆ ಬಂಡೆಗಳ ಬಿರುಕು, ಕಡಿದಾದ ಬೆಟ್ಟದ ಚಾಚುಗಳು. ಮರದ ಮೇಲೆ ಕೂತು ಗೂಡು ಕಟ್ಟುವ ಜಾತಿ ಅದಲ್ಲ. ಹೆಂಚಿನ ಮನೆ, ಕಾಂಪೌಂಡಿನಲ್ಲೊಂದು ಸಂಪಿಗೆ, ಹಿತ್ತಲಲ್ಲೊಂದು ತೆಂಗು ಎಂಬ ಹಳೆಯ ಜಯನಗರದಲ್ಲಿ ಅದಕ್ಕೆ ಹೆಚ್ಚು ಜಾಗವಿರಲಿಲ್ಲ. ಆ ಸೈಟುಗಳ ಮೇಲೆ ನಾಲ್ಕಂತಸ್ತು, ಐದಂತಸ್ತು ಎದ್ದವು. ಪ್ರತಿ ಅಂತಸ್ತಿಗೆ ಸಜ್ಜೆ, ಸಜ್ಜೆಯ ಮೇಲೆ ಏಸಿಯ ಡಬ್ಬ, ಡಬ್ಬದ ಹಿಂದೆ ಗಾಳಿ ಮಳೆ ತಾಗದ ಒಂದು ಗೇಣು ಜಾಗ. ರಸ್ತೆಯ ನಡುವೆ ಮೆಟ್ರೋ ಕಂಬಗಳು ಬಂದವು. ಒಂದೊಂದು ಕಂಬದ ತಲೆಯಲ್ಲೂ ಅಗಲವಾದ ಕಟ್ಟೆ. ಸಾವಿರಾರು ವರ್ಷಗಳಿಂದ ಬಂಡೆ ಹುಡುಕುತ್ತಿದ್ದ ಹಕ್ಕಿಗೆ ನಾವೇ ಬೀದಿ ಬೀದಿಗೆ ಬಂಡೆ ಕಟ್ಟಿಕೊಟ್ಟಿದ್ದೇವೆ.

ನಮ್ಮ ಕೆಳಗಿನ ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಹೆಂಡತಿಗೆ ಉಬ್ಬಸ. ಪಾರಿವಾಳದ ಹಿಕ್ಕೆ ಒಣಗಿ ಎದ್ದ ಧೂಳಿನಿಂದ ದೂರವಿರಿ ಎಂದು ಡಾಕ್ಟರು ಹೇಳಿದ್ದಾರೆ. ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ: ಆ ಧೂಳನ್ನು ದಿನವೂ ಉಸಿರಾಡುವ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಳ್ಳುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಯಾಗಿ ಉಸಿರೇ ಕುಗ್ಗುತ್ತದೆ. ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರಗಳಿಂದ ಬರುವ ಕಾಯಿಲೆಗಳೂ ಇವೆ. ರಾಯರ ಮೊಮ್ಮಗ ಶೂಟಿಂಗ್ ತರಬೇತಿಗೆ ಹೋಗುತ್ತಾನೆ, ಮನೆಯಲ್ಲಿ ಏರ್‌ಗನ್ ಇದೆ. ಒಂದು ದಿನ ಲಕ್ಷ್ಮಣರಾವ್ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತಿದ್ದಾಗ ರಾಯರು ತಗ್ಗಿದ ದನಿಯಲ್ಲಿ ಕೇಳಿದರು: “ಹಕ್ಕಿ ವಿಷಯ ನೀವು ಓದಿಕೊಂಡಿದ್ದೀರಿ. ಎಲ್ಲಿಗೆ ಹೊಡೆದರೆ ನೋವಾಗೋಲ್ಲ ಹೇಳಿ. ಒಂದೇ ಏಟಿಗೆ ಹೋಗಿಬಿಡಬೇಕು, ಒದ್ದಾಡಬಾರದು.”

ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಹೇಗಾದರೂ ತೊಲಗಿದರೆ ಸಾಕು ಎನ್ನುವವರು ವಿಷದ ಕಾಳು ಇಡುತ್ತಾರೆ, ಗೂಡನ್ನು ಮರಿ ಸಮೇತ ಪೊರಕೆಯಿಂದ ಕೆಳಗೆ ತಳ್ಳುತ್ತಾರೆ. ಒದ್ದಾಡಬಾರದು ಎಂದು ಮೊದಲೇ ಯೋಚಿಸಿದವರಿಗೆ ನೇರವಾದ ಉತ್ತರವನ್ನೇ ಕೊಡಬೇಕು. ಅವತ್ತು ಆ ಬೆಂಚಿನ ಮೇಲೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರ ಇಷ್ಟೇ: ಮಿದುಳಿಗೆ. ಬೇರೆ ಎಲ್ಲಿಗೆ ಹೊಡೆದರೂ ನೋವಿದೆ. ಬ್ರಿಟನ್ನಿನಂಥ ಕಡೆ ದವಸದ ಕೊಟ್ಟಿಗೆಗಳಿಗೆ ನುಗ್ಗುವ ಪಾರಿವಾಳಗಳನ್ನು ಕಾನೂನಿನ ಷರತ್ತುಗಳೊಳಗೆ ಏರ್ ರೈಫಲ್‌ನಿಂದ ಹೊಡೆಯುವವರಿದ್ದಾರೆ. ಅವರಲ್ಲಿ ಅನುಭವಸ್ಥರು ಹೊಸಬರಿಗೆ ಹೇಳಿಕೊಡುವುದು ಇದನ್ನೇ. ಕಣ್ಣಿನ ಹಿಂದೆ, ತಲೆಬುರುಡೆಯ ಹಿಂಭಾಗದಲ್ಲಿ ಮಿದುಳಿದೆ. ಗುಂಡು ಅಲ್ಲಿಗೇ ಬೀಳಬೇಕು. ಎಷ್ಟು ದೂರದಿಂದ ಹೊಡೆದಾಗ ನಿಮ್ಮ ಪ್ರತಿಯೊಂದು ಗುಂಡೂ ಕಾಗದದ ಮೇಲೆ ಒಂದು ಇಂಚಿನ ವೃತ್ತದೊಳಗೇ ಬೀಳುತ್ತದೋ ಅದಕ್ಕಿಂತ ದೂರದ ಹಕ್ಕಿಗೆ ಕೋವಿ ಎತ್ತಲೇಬಾರದು. ಹಕ್ಕಿಯ ಹಿಂದೆ ಗುಂಡು ತಡೆಯುವ ಗಟ್ಟಿ ಹಿನ್ನೆಲೆ ಇರಲೇಬೇಕು. ಸಂಶಯವಿದ್ದರೆ ಕೋವಿ ಇಳಿಸಬೇಕು.

ಕೇಳಲು ಸುಲಭ. ಪಾರಿವಾಳದ ಮಿದುಳು ತೂಗುವುದು ಎರಡು ಗ್ರಾಮಿನ ಆಸುಪಾಸು, ಅಗಲ ಹೆಬ್ಬೆರಳಿನ ಉಗುರನ್ನು ಮೀರುವುದಿಲ್ಲ. ತಲೆಯ ಬಹುಪಾಲು ಜಾಗ ಕಣ್ಣುಗಳದ್ದು. ಗುಂಡು ಅರ್ಧ ಇಂಚು ಮುಂದೆ ಹೋದರೆ ಕಣ್ಣು ಒಡೆಯುತ್ತದೆ ಇಲ್ಲವೇ ಕೊಕ್ಕು ಹಾರಿಹೋಗುತ್ತದೆ, ಹಕ್ಕಿ ಬದುಕಿರುತ್ತದೆ. ಕೊಕ್ಕಿಲ್ಲದ ಹಕ್ಕಿ ಕಾಳು ಹೆಕ್ಕಲಾರದೆ ಹಸಿವಿನಿಂದ ಸಾಯಲು ಎಷ್ಟು ದಿನ ಬೇಕೋ ಅಷ್ಟು ದಿನ ಸಾಯುತ್ತದೆ. ಅರ್ಧ ಇಂಚು ಕೆಳಗೆ ಹೋದರೆ ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲ ಹರಿಯುತ್ತದೆ. ತಿಂದದ್ದೆಲ್ಲ ಗಾಯದಿಂದ ಹೊರಗೆ ಸುರಿಯುವಾಗಲೂ ಹಕ್ಕಿ ತಿನ್ನುತ್ತಲೇ ಇರುತ್ತದೆ.

ಎದೆಗೆ ಹೊಡೆದರಾಗದೇ, ಅದು ದೊಡ್ಡ ಗುರಿಯಲ್ಲವೇ ಎಂದರು ರಾಯರು. ದೊಡ್ಡದು ಹೌದು, ಅದೇ ತೊಂದರೆ. ಪಾರಿವಾಳ ಬಲವಾಗಿ ಹಾರುವ ಹಕ್ಕಿ; ಮೈತೂಕದ ಐದರಲ್ಲೊಂದು ಭಾಗಕ್ಕೂ ಹೆಚ್ಚು ಬರೀ ಎದೆಯ ಸ್ನಾಯು. ಅದರ ನಡುವೆ ದೋಣಿಯ ಅಡಿಯಂಥ ಗಟ್ಟಿ ಮೂಳೆ, ಮುಂದೆ ಕಾಳು ತುಂಬಿದ ಚೀಲ. 4.5 ಮಿಲಿಮೀಟರಿನ, ಅರ್ಧ ಗ್ರಾಮಿನಷ್ಟು ತೂಕದ ಸೀಸದ ಗುಂಡು ಇಷ್ಟನ್ನೂ ದಾಟಿ ಹೃದಯ ಮುಟ್ಟಬೇಕು. ಮುಟ್ಟದಿದ್ದರೆ ಹಕ್ಕಿ ಗುಂಡನ್ನು ಒಳಗಿಟ್ಟುಕೊಂಡೇ ಹಾರಿಹೋಗುತ್ತದೆ. ಹೊಡೆದವರು ತಪ್ಪಿತು ಎಂದುಕೊಳ್ಳುತ್ತಾರೆ. ಅದು ಮೂರು ಬೀದಿ ಆಚೆ ಯಾರದೋ ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಮುದುಡಿ ಕೂತಿರುತ್ತದೆ. ಒದ್ದಾಟ ನಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟೆ.

ಪಾರಿವಾಳದ ತಲೆ ಸುಮ್ಮನಿರುವುದೂ ಇಲ್ಲ. ನಡೆಯುವಾಗ ಅದು ತಲೆಯಾಡಿಸುವುದನ್ನು ಎಲ್ಲರೂ ನೋಡಿದ್ದೇವೆ. ಏಕೆ ಹಾಗೆ ಎಂದು 1978ರಲ್ಲಿ ಕೆನಡಾದ ಬ್ಯಾರಿ ಫ್ರಾಸ್ಟ್ ಎಂಬ ವಿಜ್ಞಾನಿ ಒಂದು ಚೆಂದದ ಪ್ರಯೋಗ ಮಾಡಿದರು. ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಹಕ್ಕಿ ನಡೆಯುತ್ತಿದೆ, ಆದರೆ ಸುತ್ತಲ ನೋಟ ಹಿಂದಕ್ಕೆ ಸರಿಯುತ್ತಿಲ್ಲ. ತಲೆಯಾಟ ನಿಂತುಹೋಯಿತು! ಅಂದರೆ ಆ ಆಟ ನೋಟಕ್ಕಾಗಿ: ತಲೆಯನ್ನು ಒಮ್ಮೆ ಮುಂದೆ ಚಾಚಿ, ಮೈ ಅದನ್ನು ತಲುಪುವವರೆಗೆ ಅಲ್ಲೇ ಅಲುಗದೆ ಹಿಡಿದು, ಜಗತ್ತನ್ನು ಸ್ಥಿರವಾಗಿ ನೋಡಿಕೊಂಡು ಮತ್ತೆ ಚಾಚುತ್ತದೆ. ಸೆಕೆಂಡಿಗೆ ಹಲವು ಸಲ. ಈಗ ಲೆಕ್ಕ ಹಾಕಿ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟ ಗುಂಡು 25 ಮೀಟರ್ ದಾಟಲು ಸೆಕೆಂಡಿನ ಎಂಟರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಆ ತಲೆ ಇದ್ದಲ್ಲಿ ಇರಬೇಕೆಂದಿಲ್ಲ.

ಗುರಿ ಕದಲದಿದ್ದರೂ ಈ ಕೆಲಸ ಎಷ್ಟು ಕಷ್ಟ ನೋಡಿ. 2008ರ ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಗುರಿಹಲಗೆಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅದಕ್ಕಾಗಿ ಬಿಗಿಯಾದ ಕೋಟು, ಗಟ್ಟಿ ಬೂಟು, ಗಾಳಿ ಸುಳಿಯದ ಒಳಾಂಗಣ, ವರ್ಷಾನುಗಟ್ಟಲೆ ಉಸಿರು ಹಿಡಿಯುವ ಅಭ್ಯಾಸ. ಕಾಗದ ಕದಲುವುದಿಲ್ಲ, ತಪ್ಪಿದರೆ ಅಂಕ ಕಡಿಮೆಯಾಗುತ್ತದೆ. ರಾಯರ ಮೊಮ್ಮಗ ಕಲಿಯುತ್ತಿರುವುದು ಈ ವಿದ್ಯೆ, ಒಳ್ಳೆಯ ವಿದ್ಯೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕೋವಿಯನ್ನು ಪೂಜೆಗಿಡುವ ಜನ, ಗುರಿಗಾರಿಕೆಯ ಸ್ಪರ್ಧೆಗೆ ಆರಿಸಿಕೊಂಡದ್ದು ಕಾಯಿಯನ್ನು. ಇದು ನನಗೆ ತುಂಬ ಹಿಡಿಸುತ್ತದೆ.

ಎಲ್ಲ ಕಡೆ ಹೀಗಿರಲಿಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್ ಕಾಲದಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆಯಿತು. ಬೆಲ್ಜಿಯಂನವನೊಬ್ಬ 21 ಹಕ್ಕಿ ಕೆಡವಿ ಗೆದ್ದ. ಕೊನೆಗೆ ಆ ಆಟದಲ್ಲಿ ಮಣ್ಣಿನ ಬಿಲ್ಲೆಯೇ ಉಳಿಯಿತು, ಅದನ್ನು ಇಂದಿಗೂ ಮಣ್ಣಿನ ಪಾರಿವಾಳ ಎಂದೇ ಕರೆಯುತ್ತಾರೆ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ಸೆರೆಯಿಂದ ಬಿಟ್ಟ ಪ್ರಾಣಿಗಳನ್ನು ಹೊಡೆಯುವ ಪಂದ್ಯಕ್ಕೆ ಹೆಸರಿಟ್ಟೇ ನಿಷೇಧ ಬರೆದಿದ್ದಾರೆ.

ಕಾಯ್ದೆಯ ಮಾತು ಬಂದದ್ದರಿಂದ ಅದನ್ನು ಬೇಗ ಮುಗಿಸುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಕ್ಯಾಲಿಬರಿನ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಅಂಗಡಿಯಲ್ಲಿ ಕೊಳ್ಳಬಹುದು ಎಂದ ಮಾತ್ರಕ್ಕೆ ಹಕ್ಕಿಗೆ ಹೊಡೆಯಬಹುದು ಎಂದಾಗುವುದಿಲ್ಲ. ಪ್ರಾಣಿಹಿಂಸೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವೂ. ಅದಕ್ಕೆ ಅನಗತ್ಯ ನೋವು ಕೊಡುವುದು ಅಪರಾಧ. ಮೊದಲ ಸಲದ ತಪ್ಪಿಗೆ ಕಾಯ್ದೆ ಬರೆದವರು ಇಟ್ಟ ದಂಡ 10ರಿಂದ 50 ರೂಪಾಯಿ. ಜೀವಕ್ಕೆ ಅಷ್ಟು ಕಡಿಮೆ ಬೆಲೆ ಕಟ್ಟಿದ್ದು ನನಗೆ ಸರಿಕಾಣುವುದಿಲ್ಲ. ಇನ್ನು ಗುರಿ ತಪ್ಪಿ ಗಿಳಿಗೋ ಹದ್ದಿಗೋ ತಗುಲಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಬರುತ್ತದೆ, ಅಲ್ಲಿ ಜೈಲಿದೆ.

1972ರ ಆ ವನ್ಯಜೀವಿ ಕಾಯ್ದೆಯಲ್ಲಿ ಪೀಡೆಯ ಪ್ರಾಣಿಗಳೆಂದು ಐದನೇ ಪಟ್ಟಿಯೊಂದಿತ್ತು. ಇಲಿ, ಹೆಗ್ಗಣ, ಬಾವಲಿಯ ಜೊತೆಗೆ ಕಾಗೆಯ ಹೆಸರೂ ಅದರಲ್ಲಿತ್ತು. ಬನಶಂಕರಿಯ ಮನೆಯೊಂದರಲ್ಲಿ ತಿಥಿಯ ದಿನ ತಾರಸಿಯ ಮೇಲೆ ಪಿಂಡವಿಟ್ಟು, ಹಸಿದ ಮಕ್ಕಳನ್ನು ಕೆಳಗೆ ಕೂರಿಸಿ, ಕೈಮುಗಿದು ಕಾಗೆಯನ್ನು ಕಾಯುತ್ತಾರೆ. ಅದು ಮುಟ್ಟದೆ ಎಲೆ ಹಾಕುವುದಿಲ್ಲ. ಅದೇ ಹಕ್ಕಿ ಕಾನೂನಿನಲ್ಲಿ ಅಷ್ಟು ವರ್ಷ ಪೀಡೆಯಾಗಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಪಟ್ಟಿಯೇ ಹೋಯಿತು. ಯಾವುದು ಪೀಡೆ ಎಂದು ಈಗ ಕೇಂದ್ರ ಸರ್ಕಾರ ಬೇರೆಯಾಗಿ ಘೋಷಿಸಬೇಕು. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸುವ ವಿಷಯ ಅದಲ್ಲ.

ಕಾಯ್ದೆಗಿಂತ ನನ್ನನ್ನು ಕಾಡುವುದು ಸೈಟಿನ ಅಳತೆ. ನಮ್ಮ ಬಡಾವಣೆಗಳ ಮೂವತ್ತು-ನಲವತ್ತರ ಸೈಟು ಎಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಏನೂ ತಡೆಯದೆ ಮೇಲಕ್ಕೆ ಹಾರಿದ ಏರ್‌ಗನ್ ಗುಂಡು 300 ಮೀಟರ್ ಆಚೆಗೂ ಹೋಗಬಲ್ಲದು. ಉದ್ದುದ್ದಕ್ಕೆ ಲೆಕ್ಕ ಹಾಕಿದರೂ 25 ಮನೆ. ಆ ದಾರಿಯಲ್ಲಿ ಹಪ್ಪಳ ಒಣಗಿಸುವವರು, ಕಿಟಕಿಯ ಪಕ್ಕ ಓದುತ್ತ ಕೂತ ಮಗು, ತಾರಸಿಯಲ್ಲಿ ಗಾಳಿಪಟ ಬಿಡುವ ಹುಡುಗರು. ಬಿಟಿಎಂ ಬಡಾವಣೆಯ ಪಿಜಿಗಳ ನಡುವೆಯಂತೂ ಒಂದು ಕಟ್ಟಡದ ಬಾಲ್ಕನಿಯಿಂದ ಎದುರಿನ ಬಾಲ್ಕನಿಗೆ ಕೈಚಾಚಿ ಬೆಂಕಿಪೊಟ್ಟಣ ಕೊಡಬಹುದು. ಅಲ್ಲಿ ಗಟ್ಟಿ ಹಿನ್ನೆಲೆ ಎಂದರೆ ಕಾಂಕ್ರೀಟ್ ಗೋಡೆ. ಓರೆಯಾಗಿ ಬಡಿದ ಸೀಸ ಅಲ್ಲಿಂದ ಸಿಡಿದು ಎತ್ತ ಹೋಗುತ್ತದೋ. ಬ್ರಿಟನ್ನಿನ ಕೊಟ್ಟಿಗೆಯ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸುವ ಗುರಿಗಾರ ಜಯನಗರಕ್ಕೆ ಬಂದರೆ ಕೋವಿಯನ್ನು ಚೀಲದಿಂದ ಹೊರಗೇ ತೆಗೆಯಲಾರ.

ಇಷ್ಟಾದರೂ ಒಂದು ಗುಂಡು ಸರಿಯಾಗಿ ಮಿದುಳಿಗೇ ಬಿತ್ತು ಎಂದುಕೊಳ್ಳಿ. ಹಕ್ಕಿಗೆ ತಿಳಿಯುವ ಮೊದಲೇ ಜೀವ ಹೋಯಿತು. ಆಗ ಡಕ್ಟಿನೊಳಗೆ ಏನಾಗುತ್ತದೆ ನೋಡಿ. ಪಾರಿವಾಳ ಎರಡು ಮೊಟ್ಟೆಯಿಡುತ್ತದೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಡುತ್ತವೆ: ಬೆಳಗು ಏರಿದ ಮೇಲಿನಿಂದ ಸಂಜೆ ಹತ್ತಿರವಾಗುವವರೆಗೆ ಸಾಮಾನ್ಯವಾಗಿ ಗಂಡು, ಮಿಕ್ಕ ಹೊತ್ತು ಮತ್ತು ರಾತ್ರಿಯೆಲ್ಲ ಹೆಣ್ಣು. ಹದಿನೇಳು ಹದಿನೆಂಟು ದಿನಕ್ಕೆ ಮರಿ. ಹುಟ್ಟಿದ ಮರಿಗೆ ಕಾಳು ಅರಗುವುದಿಲ್ಲ. ಅಪ್ಪ ಅಮ್ಮ ಇಬ್ಬರ ಕಾಳಿನ ಚೀಲದ ಒಳಪದರವೂ ಆಗ ದಪ್ಪಗಾಗಿ, ಮೊಸರಿನ ಗಸಿಯಂಥ ಹಾಲು ಒಸರುತ್ತದೆ. ಹೌದು, ಗಂಡಿಗೂ. ಮರಿ ಕೊಕ್ಕನ್ನು ಅಪ್ಪನ ಬಾಯೊಳಗೆ ತೂರಿಸಿ ಅದನ್ನು ಕುಡಿಯುತ್ತದೆ. ಹಕ್ಕಿಗಳ ಲೋಕದಲ್ಲಿ ಈ ಭಾಗ್ಯ ಇನ್ನು ಕೆಲವೇ ಜಾತಿಗಳಿಗಿದೆ. ಮರಿ ಹಾರಲು ಸುಮಾರು ಒಂದು ತಿಂಗಳು. ಬೆಂಗಳೂರಿನಂಥ ಹದವಾದ ಹವೆಯಲ್ಲಿ, ತಿಂಡಿಗೆ ಕೊರತೆಯಿಲ್ಲದ ಕಡೆ, ಒಂದು ಜೋಡಿ ವರ್ಷದಲ್ಲಿ ಐದಾರು ಸಲವೂ ಮರಿ ಮಾಡಬಲ್ಲದು. ಆದ್ದರಿಂದ ಸಜ್ಜೆಯ ಮೇಲೆ ಕೂತ ಯಾವ ದೊಡ್ಡ ಪಾರಿವಾಳಕ್ಕೂ ಎಲ್ಲೋ ಒಂದು ಕಡೆ ಗೂಡಿರುವ ಸಾಧ್ಯತೆ ಬಹಳ. ನೋವಿಲ್ಲದೆ ಸತ್ತದ್ದು ತಾಯಿ. ಹಸಿವಿನಲ್ಲಿ ಸಾಯುವುದು ಕತ್ತಲೆಯ ಮೂಲೆಯ ಮರಿ.

ಇದನ್ನು ಕೇಳಿ ರಾಯರು ಬಹಳ ಹೊತ್ತು ಮಾತಾಡಲಿಲ್ಲ.

ಏರ್‌ಗನ್ ಎಂದೊಡನೆ ನನಗೆ ನೆನಪಾಗುವವರು ಪಕ್ಷಿತಜ್ಞ ಸಲೀಂ ಅಲಿ. 1896ರಲ್ಲಿ ಹುಟ್ಟಿದ ಆ ಮುಂಬೈಯ ಹುಡುಗನಿಗೆ ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಆಟಕ್ಕೊಂದು ಏರ್‌ಗನ್ ಕೊಟ್ಟಿದ್ದರು. ಅದರಿಂದ ಒಂದು ಗುಬ್ಬಿ ಹೊಡೆದ. ಎತ್ತಿ ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ. ಇದು ನಮ್ಮ ಮನೆಯ ಗುಬ್ಬಿಯಲ್ಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲರ್ಡ್ ಹತ್ತಿರ ಕಳಿಸಿದರು. ಮಿಲರ್ಡ್ ಬೈಯಲಿಲ್ಲ. ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದು ನಮ್ಮ ದೇಶದ ಹಕ್ಕಿಗಳನ್ನು ತೋರಿಸಿದರು. ಆ ಹುಡುಗ ದೊಡ್ಡವನಾಗಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ನಮ್ಮ ಕಾಡುಮೇಡು ಅಲೆದ. 1985ರಲ್ಲಿ ಆತ್ಮಕಥೆ ಬರೆದಾಗ ಅದಕ್ಕೆ ಇಟ್ಟ ಹೆಸರಿನಲ್ಲೂ ಆ ಗುಬ್ಬಿ ಬೀಳುವುದೇ ಇದೆ. ಆ ಕಾಲದ ಹಕ್ಕಿಶಾಸ್ತ್ರಕ್ಕೆ ಕೋವಿ ಬೇಕಿತ್ತು. ಕೈಯಲ್ಲಿ ಹಿಡಿದು ಅಳೆಯದೆ ಜಾತಿ ನಿರ್ಧರಿಸಲಾಗುತ್ತಿರಲಿಲ್ಲ. ಈಗ ಬೇಕಿಲ್ಲ. ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ಬೈನಾಕ್ಯುಲರ್ ಹಿಡಿದು ನಡೆಯುವ ಹುಡುಗ ಹುಡುಗಿಯರು ಕತ್ತೆತ್ತಿ ನೋಡಿಯೇ ಜಾತಿ ಹೇಳುತ್ತಾರೆ. ಏರ್‌ಗನ್ ಹಿಡಿದ ಮಗುವನ್ನು ಬೈದು ಕಳಿಸದೆ ಕಪಾಟು ತೆರೆದು ತೋರಿಸುವ ಒಬ್ಬ ಹಿರಿಯರು ಪ್ರತಿ ಬೀದಿಯಲ್ಲೂ ಇರಲಿ ಎಂದು ನನ್ನ ಆಸೆ. ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಬೇಟೆಯೇ ಬದುಕಾಗಿದ್ದ ಹಳ್ಳಿಗಳಲ್ಲಿ ಜನ ತಾವಾಗಿ ತಂದು ಒಪ್ಪಿಸಿದ ಕೋವಿಗಳು 2,000 ದಾಟಿದವು.

ಗುಂಡು ಸೀಸದ್ದು ಎಂದೆನಲ್ಲ, ಅದಕ್ಕೂ ಒಂದು ಮಾತು ಸೇರಿಸಬೇಕು. ಹೊಡೆದು ಬಿಟ್ಟ ಪಾರಿವಾಳ ಮಣ್ಣಾಗುವ ಮೊದಲೇ ಮಡಿವಾಳ ಕೆರೆಯ ಮೇಲೆ ಸುತ್ತುವ ಹದ್ದಿಗೆ ಸಿಗುತ್ತದೆ. ಮಾಂಸದ ಜೊತೆಗೆ ಸೀಸದ ಚೂರೂ ಹೊಟ್ಟೆಗೆ ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಡರ್ ಎಂಬ ದೊಡ್ಡ ರಣಹದ್ದುಗಳು ಹೀಗೆಯೇ ವಿಷವೇರಿ ಸತ್ತು, ಕೊನೆಗೆ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ಅಲ್ಲಿ ನಿಲ್ಲಿಸಬೇಕಾಯಿತು.

ಹಾಗಾದರೆ ಹಕ್ಕಿಯ ಉಪದ್ರವ ಸಹಿಸಿಕೊಂಡು ಇರಬೇಕೆ? ಬೇಡ. ನಮ್ಮ ರೈತರು ಎಂದೂ ಸಹಿಸಿಕೊಂಡು ಕೂತಿಲ್ಲ. ಬಿಳಿಜೋಳ ಹಾಲುಗಾಳಾದಾಗ ಹೊಲದ ನಡುವೆ ಅಟ್ಟಣೆ ಹಾಕಿ, ಹಕ್ಕಿ ಕಾಯಲು ಮನೆಯ ಹುಡುಗರನ್ನು ಕೂರಿಸುತ್ತಿದ್ದರು. ಕೈಯಲ್ಲಿ ಕವಣೆ, ಬಾಯಲ್ಲಿ ಕೂಗು, ಪಕ್ಕದಲ್ಲಿ ಬಡಿಯಲು ಖಾಲಿ ಡಬ್ಬ. ಕವಣೆಯ ಕಲ್ಲು ಹಕ್ಕಿಗೆ ಬೀಳಲಿ ಎಂದು ಬೀಸುತ್ತಿರಲಿಲ್ಲ, ತೆನೆಯ ಮೇಲೆ ಹಾದುಹೋಗಲಿ ಎಂದು ಬೀಸುತ್ತಿದ್ದರು. ಸುಗ್ಗಿ ಇರುವ ಕೆಲವು ವಾರ ಹಕ್ಕಿಯನ್ನು ಕೂರಲು ಬಿಡದಿದ್ದರೆ ಆಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಗೂಡು ಕಟ್ಟಿ, ಮೀನು ವಾಸನೆ, ಹಿಕ್ಕೆ, ಗದ್ದಲ ಎಲ್ಲ ತಂದರೂ, ಬಾಣಂತನಕ್ಕೆ ಬಂದ ಮಗಳೆಂದು ಅವನ್ನು ಇರಿಸಿಕೊಂಡರು. ಹಿಕ್ಕೆ ಗೊಬ್ಬರವಾಯಿತು. ವರ್ಷವಿಡೀ ಇರುವ ಪಾರಿವಾಳವನ್ನು ಹಾಗೆ ಇರಿಸಿಕೊಳ್ಳಿ ಎಂದು ಉಬ್ಬಸದ ರೋಗಿಗೆ ನಾನು ಹೇಳಲಾರೆ. ಕೂರಲು ಬಿಡದಿರುವ ರೈತನ ಉಪಾಯವನ್ನಂತೂ ಹೇಳಬಲ್ಲೆ.

ಅದಕ್ಕೂ ಮೊದಲು ಸ್ವಿಟ್ಜರ್ಲೆಂಡಿನ ಬೇಸಲ್ ನಗರದ ಕತೆ ಹೇಳಲೇಬೇಕು, ಏಕೆಂದರೆ ಕೊಂದು ನೋಡಿದವರ ಅನುಭವ ಅಲ್ಲಿದೆ. 1961ರಿಂದ 1985ರವರೆಗೆ ಆ ಊರಿನವರು ಹೊಡೆದು, ಬಲೆಹಾಕಿ, ಸುಮಾರು ಒಂದು ಲಕ್ಷ ಪಾರಿವಾಳ ಕೊಂದರು. ಊರಲ್ಲಿದ್ದವು ಸುಮಾರು 20,000. ಅಷ್ಟು ಕೊಂದ ಮೇಲೂ ಅವು ಸುಮಾರು 20,000ವೇ! ದೊಡ್ಡವು ಸತ್ತಷ್ಟೂ ಖಾಲಿಯಾದ ಜಾಗಕ್ಕೂ ಕಾಳಿಗೂ ಮರಿಗಳು ಬಂದು ಕೂರುತ್ತಿದ್ದವು, ಇಲ್ಲವಾದರೆ ಸಾಯಬೇಕಿದ್ದ ಮರಿಗಳು ಬದುಕಿಕೊಳ್ಳುತ್ತಿದ್ದವು. 1988ರಲ್ಲಿ ಹಾಗ್-ವಾಕರ್ನಾಗೆಲ್ ಎಂಬ ಜೀವವಿಜ್ಞಾನಿಯ ಮಾತು ಕೇಳಿ ಊರು ದಾರಿ ಬದಲಿಸಿತು. ಕಾಳು ಚೆಲ್ಲಬೇಡಿ ಎಂದು ಜನರಿಗೆ ತಿಳಿಹೇಳಿದರು. ಬೆರಳೆಣಿಕೆಯ ಗೂಡುಮನೆಗಳನ್ನು ತಾವೇ ಕಟ್ಟಿ ಅಲ್ಲಿಟ್ಟ ಮೊಟ್ಟೆಗಳನ್ನು ತೆಗೆದರು. ಸುಮಾರು ನಾಲ್ಕು ವರ್ಷದಲ್ಲಿ ಪಾರಿವಾಳ ಅರ್ಧಕ್ಕಿಳಿಯಿತು.

ಒಂದು ಪಾರಿವಾಳ ದಿನಕ್ಕೆ ತಿನ್ನುವುದು ಸುಮಾರು 30 ಗ್ರಾಂ ಕಾಳು. ಅಂಗಡಿಯ ಮುಂದೆ ದಿನವೂ ಒಂದು ಕಿಲೋ ಜೋಳ ಚೆಲ್ಲಿದರೆ ಮೂವತ್ತಕ್ಕೂ ಹೆಚ್ಚು ಹಕ್ಕಿಗಳ ಹೊಟ್ಟೆ ಅಲೆಯದೆ ತುಂಬುತ್ತದೆ. ಕಾಳು ಹುಡುಕಲು ಹೋಗಬೇಕಾದ ಹೊತ್ತೆಲ್ಲ ಇನ್ನೊಂದು ಗೂಡಿಗೆ ಉಳಿಯುತ್ತದೆ. ಚೆಲ್ಲುವವರು ಕೆಟ್ಟವರಲ್ಲ. ಯಾರದೋ ಹರಕೆ, ಯಾರಿಗೋ ಜೋಯಿಸರು ಹೇಳಿದ ಪರಿಹಾರ, ಇನ್ಯಾರಿಗೋ ಬೆಳಗಿನ ಒಂಟಿತನದಲ್ಲಿ ಅದೇ ನೆಂಟಸ್ತಿಕೆ. ಮೈಸೂರಿನಲ್ಲಿ ಅರಮನೆಯ ಮುಂದೆ ಕಾಳು ಹಾಕುವ ಪದ್ಧತಿ ಪಾರಂಪರಿಕ ಕಟ್ಟಡವನ್ನು ಕೆಡಿಸುತ್ತದೆ ಎಂದು 2024ರಲ್ಲಿ ದೊಡ್ಡ ಚರ್ಚೆಯಾಗಿ ನಿಲುಗಡೆಗೆ ಬಂತು. ಮುಂಬೈಯಲ್ಲಿ 2025ರಲ್ಲಿ ದಾದರಿನ ಕಬೂತರ್‌ಖಾನಾ ಮುಚ್ಚಿದಾಗ ಜನ ಬೀದಿಗಿಳಿದರು, ವಿಷಯ ಹೈಕೋರ್ಟಿನಲ್ಲಿತ್ತು. ನಂಬಿಕೆ ಇರುವ ಕಡೆ ಬೀಗ ಹಾಕಿದರೆ ಜಗಳ ಬರುತ್ತದೆ. ಕೂತು ಮಾತಾಡಬೇಕು.

ಈಗ ರಾಯರ ಡಕ್ಟಿಗೆ ಬರೋಣ. ಮೊದಲ ಕೆಲಸ ಟಾರ್ಚ್ ಹಾಕಿ ಪ್ರತಿ ಮಹಡಿಯ ಮೂಲೆಯನ್ನೂ ನೋಡುವುದು. ಮೊಟ್ಟೆ ಅಥವಾ ಮರಿ ಇದ್ದರೆ ಅವು ಹಾರಿಹೋಗುವವರೆಗೆ ಆ ಜಾಗ ಬಿಡಬೇಕು. ನೆಟ್ ಹಾಕಿ ಮರಿಯನ್ನು ಒಳಗೆ, ತಾಯಿಯನ್ನು ಹೊರಗೆ ಮಾಡಿದರೆ ಗುಂಡಿಗಿಂತ ಕ್ರೂರ. ಮರಿ ಹಾರಿದ ದಿನವೇ ಗೂಡು ತೆಗೆಯಬೇಕು, ಏಕೆಂದರೆ ಮೊದಲ ಮರಿಗಳು ಇನ್ನೂ ಇರುವಾಗಲೇ ಮುಂದಿನ ಮೊಟ್ಟೆ ಬರುವುದುಂಟು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ, ನೆನೆದ ಮೇಲೆ ಕೆರೆಯಬೇಕು. ಆ ಹೊತ್ತು ಉಬ್ಬಸದವರು ಮನೆಯಲ್ಲೇ ಇರಬಾರದು. ಆಮೇಲೆ ಡಕ್ಟಿನ ನೆತ್ತಿಗೆ, ಬಾಲ್ಕನಿಗೆ ನೆಟ್. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನದು ಸಾಕು. ತಂತಿ ಎಳೆದು ಬಿಗಿಯಾಗಿ ಕಟ್ಟಿಸುವುದು ಮುಖ್ಯ. ಜೋಲುಬಿದ್ದ, ಅಂಚು ಬಿಚ್ಚಿಕೊಂಡ ನೆಟ್ಟು ಬಲೆಯಾಗುತ್ತದೆ. ಅದರಲ್ಲಿ ಸಿಕ್ಕಿಕೊಳ್ಳುವುದು ಪಾರಿವಾಳ ಮಾತ್ರವಲ್ಲ, ರಾತ್ರಿ ಇಲಿ ಹಿಡಿಯಲು ಬರುವ ಕಣಜದ ಗೂಬೆಯೂ ಬಾವಲಿಯೂ. ವರ್ಷಕ್ಕೊಮ್ಮೆಯಾದರೂ ಹರಿದದ್ದನ್ನು ಹೊಲಿಸಬೇಕು. ಸಜ್ಜೆಯ ಮೇಲೆ 45 ಡಿಗ್ರಿಗೂ ಕಡಿದಾಗಿ ಒಂದು ಹಲಗೆಯನ್ನೋ ಸಿಮೆಂಟಿನ ಇಳಿಜಾರನ್ನೋ ಮಾಡಿಸಿದರೆ ಕಾಲೂರಲು ಆಗುವುದಿಲ್ಲ. ಹೊಸದಾಗಿ ಕಟ್ಟಿಸುವವರು ಇದನ್ನು ನಕ್ಷೆಯಲ್ಲೇ ಬರೆಸಿಕೊಂಡರೆ ಬಿಡಿಕಾಸಿನಲ್ಲಿ ಮುಗಿಯುತ್ತದೆ. ನಮ್ಮ ಆರ್ಕಿಟೆಕ್ಟುಗಳು ಈ ಕಡೆ ಗಮನವನ್ನೇ ಕೊಡುತ್ತಿಲ್ಲ ಎಂಬುದು ನನ್ನ ದೂರು.

ರೆಕ್ಕೆ ಮುರಿದೋ ಮಾಂಜಾ ದಾರ ಸುತ್ತಿಕೊಂಡೋ ಬಿದ್ದ ಹಕ್ಕಿ ಸಿಕ್ಕಿದರೆ, ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲೆ ಮಾಡಿ ಇಟ್ಟು, ಬಾಯಿಗೆ ನೀರು ಹುಯ್ಯದೆ, ಹಕ್ಕಿ ನೋಡುವ ಪಶುವೈದ್ಯರಿಗೆ ತೋರಿಸಬೇಕು. ಹದ್ದು, ಗೂಬೆಯಂಥ ಕಾಡುಹಕ್ಕಿಯಾದರೆ ಕೆಂಗೇರಿಯ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯಿದೆ. ಉಳಿಯುವಂತಿಲ್ಲದ ಹಕ್ಕಿಗೆ ವೈದ್ಯರು ಸೂಜಿಯಲ್ಲಿ ನೋವಿಲ್ಲದೆ ಮುಕ್ತಿ ಕೊಡಬಲ್ಲರು. ರಾಯರು ಕೇಳಿದ ಒದ್ದಾಟವಿಲ್ಲದ ಸಾವು ನಮ್ಮ ಊರಿನಲ್ಲಿ ಸಾಧ್ಯವಿರುವುದು ಆ ಮೇಜಿನ ಮೇಲೆ.

ಡಕ್ಟಿನಲ್ಲಿ ಎರಡು ಮರಿಗಳಿದ್ದವು, ಹಳದಿ ನವಿರು ಇನ್ನೂ ಉದುರಿರಲಿಲ್ಲ. ನೆಟ್ಟಿನವರಿಗೆ ಮುಂದಿನ ತಿಂಗಳು ಬನ್ನಿ ಎಂದೆವು. ಅಷ್ಟರಲ್ಲಿ ರಾಯರೂ ನಾನೂ ಮೂರನೇ ಮಹಡಿಯ ಅಜ್ಜಿಯ ಮನೆಗೆ ಹೋದೆವು. ದಿನವೂ ತಾರಸಿಗೆ ಒಂದು ಪಾವು ಜೋಳ ಒಯ್ಯುವವರು ಅವರು. ಕಾಫಿ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. “ಅಲ್ಲಪ್ಪಾ, ಒಂದೇ ಸಲ ನಿಲ್ಲಿಸಿಬಿಟ್ಟರೆ ಅವು ಹೊಟ್ಟೆಗಿಲ್ಲದೆ ಸಾಯೋಲ್ವೇ?” ಎಂದರು. ಸರಿಯಾದ ಪ್ರಶ್ನೆ. ಒಂದೇ ಸಲ ನಿಲ್ಲಿಸುವುದು ಬೇಡ ಅಜ್ಜಿ, ಈ ವಾರ ಮುಕ್ಕಾಲು ಪಾವು, ಮುಂದಿನ ವಾರ ಅರ್ಧ, ಹೀಗೆ ಇಳಿಸಿಕೊಂಡು ಬನ್ನಿ, ದೊಡ್ಡ ಹಕ್ಕಿಗಳು ಹಾರಿ ಬೇರೆ ಕಡೆ ಹುಡುಕಿಕೊಳ್ಳುತ್ತವೆ, ಮರಿ ಮಾಡುವುದನ್ನು ಕಡಿಮೆ ಮಾಡುತ್ತವೆ ಎಂದೆ. ಅವರು ಸ್ವಲ್ಪ ಯೋಚಿಸಿ, ಬೇಸಿಗೆಗೆ ನೀರಿನ ಬಟ್ಟಲನ್ನಂತೂ ಎತ್ತುವುದಿಲ್ಲ ಎಂದು ಕರಾರು ಹಾಕಿದರು. ಒಪ್ಪಿದೆವು. ಇನ್ನು ಉಳಿದಿರುವುದು ಕೆಳಗಿನ ರಸ್ತೆಯ ದಿನಸಿ ಅಂಗಡಿ; ಅಲ್ಲಿ ದಿನವೂ ಚೆಲ್ಲುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಭಾನುವಾರ ಅವರ ಹತ್ತಿರ ಮಾತಾಡಲು ಅಜ್ಜಿಯೂ ಜೊತೆಗೆ ಬರುತ್ತೇನೆಂದಿದ್ದಾರೆ.